ಬೊಲವಾನ್ ಕತ್ತರಿಸಿದ ಹೆಸರುಗಳು

ಮನಿಲಾದ ಕಿಯಾಪೊದಲ್ಲಿ, ನಮ್ಮ ಓಣಿಯಲ್ಲಿ ಬೊಲವಾನಳಷ್ಟು ಬೈಗುಳ ತಿಂದವರು ಇನ್ನೊಬ್ಬರಿರಲಿಲ್ಲ. ಅದರಲ್ಲಿ ಹೆಚ್ಚಿನದು ಅವಳೇ ಕೆದಕಿ ಸಂಪಾದಿಸಿಕೊಂಡದ್ದು. ಊಟಕ್ಕೆ ಬಂದರೆ ಮೀನು ಹಳಸಿದೆ ಎನ್ನುವಳು. ಈಗ ತಾನೆ ತಂದದ್ದು ಎಂದರೆ, ಹಾಗಾದರೆ ಬೇಯಿಸಿದವರ ಕೈ ಹಳಸಿದೆ ಎನ್ನುವಳು. ಬೇಯಿಸುತ್ತಿದ್ದವಳು ನಾನು. ಮಸೀದಿಗೆ ಹೋಗುವ ದಾರಿಯ ತಿರುವಿನಲ್ಲಿ ನನ್ನ ಊಟದ ಅಂಗಡಿ. ಎದುರಿಗೇ ಅವಳ ಚಿಕ್ಕಪ್ಪ ಹಾಜಿ ಅನ್ಸಾನೊನ ಡಿವಿಡಿ ಅಂಗಡಿ. ಕೆಳಗೆ ಮಾರಾಟ, ಮೇಲಿನ ಇಕ್ಕಟ್ಟು ಕೋಣೆಯಲ್ಲಿ ಬೊಲವಾನ್ ಮತ್ತು ಅವಳ ಕಂಪ್ಯೂಟರುಗಳು. ಜನ ಸಿನಿಮಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದ ಕಾಲ ಅದು. ಮನಿಲಾದ ಅರ್ಧ ಊರು ನಮ್ಮ ಓಣಿಯ ಸಿನಿಮಾವನ್ನೇ ನೋಡುತ್ತಿತ್ತು.

ನಾವೆಲ್ಲ ದಕ್ಷಿಣದ ದ್ವೀಪದ ಲಾನಾವ್ ಸರೋವರದ ಕಡೆಯವರು. ಬೊಲವಾನ್ ಅಲ್ಲಿ ಕಂಪ್ಯೂಟರ್ ತರಗತಿಗೆ ಹೋಗಿದ್ದಳು, ಮದುವೆಯಾಗಿದ್ದಳು. ಗಂಡ ಇನ್ನೊಬ್ಬಳನ್ನು ತಂದಾಗ ಮನೆಯ ಪಾತ್ರೆಗಳನ್ನೆಲ್ಲ ಅಂಗಳಕ್ಕೆ ಎಸೆದು ಮನಿಲಾದ ಹಡಗು ಹತ್ತಿದ್ದಳು. ಈ ಕಥೆಯನ್ನು ಅವಳು ಯಾರಿಗೂ ಹೇಳಿದವಳಲ್ಲ, ಆದರೆ ಊರಿನಿಂದ ಬಂದವರೆಲ್ಲ ಹೇಳುತ್ತಿದ್ದರು.

ಅವಳ ಕೆಲಸ ಕುಗ್ಗಿಸುವುದು. ಕಂಪನಿಯವರ ಅಸಲಿ ಡಿವಿಡಿಯಲ್ಲಿ ಎರಡು ಪದರ ಇರುತ್ತದೆ. ನಮ್ಮ ಓಣಿಯಲ್ಲಿ ಸಿಗುತ್ತಿದ್ದ ಅಗ್ಗದ ಖಾಲಿ ಡಿವಿಡಿಗೆ ಒಂದೇ ಪದರ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜಾಗ. ಅದನ್ನು ಇದರಲ್ಲಿ ಹಿಡಿಸಬೇಕು. ಬೇರೆ ಅಂಗಡಿಯವರು ಇಡೀ ಸಿನಿಮಾವನ್ನು ಒಂದೇ ಏಟಿಗೆ ಹಿಂಡಿಬಿಡುತ್ತಿದ್ದರು. ಅವರ ಡಿವಿಡಿಯಲ್ಲಿ ಮಳೆ ಬಂದರೆ, ಜನ ಓಡಿದರೆ, ಸಮುದ್ರ ಕಂಡರೆ ಚಿತ್ರ ಹೆಂಚು ಹೆಂಚಾಗಿ ಒಡೆಯುತ್ತಿತ್ತು. ಬೊಲವಾನ್ ಹಾಗೆ ಮಾಡುತ್ತಿರಲಿಲ್ಲ. ಮೊದಲು ಬೇಡದ್ದನ್ನು ಕಿತ್ತು ಹಾಕುವಳು: ಮುಂದೆ ಬರುವ ಜಾಹೀರಾತು, ನಿರ್ದೇಶಕ ಕಾಲು ಮೇಲೆ ಕಾಲು ಹಾಕಿಕೊಂಡು ಮಾಡುವ ಭಾಷಣ, ಪರಭಾಷೆಯ ಧ್ವನಿ, ಕೊನೆಗೆ ಉರುಳುವ ಹೆಸರುಗಳು. ಇಷ್ಟು ತೆಗೆದು ಉಳಿದ ಜಾಗವನ್ನೆಲ್ಲ ಚಿತ್ರಕ್ಕೆ ಬಿಡುವಳು. ಆದ್ದರಿಂದಲೇ ಹಾಜಿಯ ಅಂಗಡಿಯ ಮುಂದೆ ಜನ ಮುತ್ತಿಕೊಳ್ಳುತ್ತಿದ್ದರು. ಅವಳು ಎದುರಿಗಿಲ್ಲದಾಗ ಹಾಜಿ ಅವಳನ್ನು ಹೊಗಳುವನು, ಎದುರಿಗೆ ಬಯ್ಯುವನು.

ಆ ವರ್ಷ ಒಂದು ಪ್ರವಾಹದ ಸಿನಿಮಾ ಬಂದಿತ್ತು. ಮೊದಲಿನಿಂದ ಕೊನೆಯವರೆಗೂ ಮಳೆ. ಮಳೆಯಲ್ಲೇ ಜಗಳ, ಮಳೆಯಲ್ಲೇ ಮುತ್ತು. ಅಂಥ ಸಿನಿಮಾ ಕುಗ್ಗಿಸುವುದು ಎಂದರೆ ಬೊಲವಾನಳಿಗೆ ಸಿಟ್ಟು, ಹನಿ ಹನಿಗೂ ಜಾಗ ಬೇಕು ಎಂದು. ಕೊನೆಯ ಮುತ್ತಾದ ತಕ್ಷಣ ಕತ್ತರಿಸಿ, ಮಳೆಯನ್ನು ಮಾತ್ರ ಒಡೆಯದಂತೆ ಉಳಿಸಿದಳು. ಆ ಡಿವಿಡಿ ಬಿಸಿ ರೊಟ್ಟಿಯಂತೆ ಖರ್ಚಾಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ತೊಂದೊ ಕಡೆಯ ಹೆಂಗಸೊಬ್ಬಳು ಕಪ್ಪು ಬಟ್ಟೆಯಲ್ಲಿ ಓಣಿಗೆ ನುಗ್ಗಿದಳು. ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು. ಒಂದು ಕೈಯಲ್ಲಿ ಡಿವಿಡಿ, ಇನ್ನೊಂದರಲ್ಲಿ ಕಾಲಿಂದ ಕಳಚಿದ ಚಪ್ಪಲಿ.

"ಯಾರೇ ಇದನ್ನ ಕತ್ತರಿಸಿದ್ದು? ಹೊರಗೆ ಬಾರೇ!"

ಹಾಜಿ ಅನ್ಸಾನೊ ಎದ್ದು ನಿಂತು, ಹಿರಿಯ ಹೆಂಗಸರನ್ನು ಕರೆಯುವ ಹಾಗೆ ಕರೆದ. "ಆಲಿಂಗ್, ಸಮಾಧಾನ. ಓಡಲ್ವಾ ಡಿವಿಡಿ? ಬೇರೆ ಕೊಡ್ತೀನಿ ಬನ್ನಿ."

"ಓಡತ್ತೆ ಕಣಯ್ಯಾ, ಚೆನ್ನಾಗೇ ಓಡತ್ತೆ. ಕೊನೇಲಿ ನನ್ನ ಗಂಡ ಎಲ್ಲಿ?"

ಅವಳ ಹೆಸರು ಫೆರ್ಮಿನಾ ಮಗ್ಬನುವ. ಗಂಡ ಎಲೂತೆರಿಯೊ ಸಿನಿಮಾಗಳಿಗೆ ದೀಪ ಕಟ್ಟುವ ಕೆಲಸದವನು. ಆ ಪ್ರವಾಹದ ಸಿನಿಮಾಕ್ಕೆ ಟ್ಯಾಂಕರಿನಿಂದ ಮಳೆ ಸುರಿಸುತ್ತಿದ್ದಾಗ, ಒದ್ದೆ ಕಬ್ಬಿಣದ ಗೋಪುರದಿಂದ ಜಾರಿ ಬಿದ್ದು ಸತ್ತಿದ್ದ. ಹೆಣ ಇಟ್ಟಿದ್ದ ಮನೆಗೆ ಕಂಪನಿಯ ವ್ಯವಸ್ಥಾಪಕ ಬಾಲ್ದೆರಾಮ ಎಂಬವನು ಹೂವಿನ ಚಕ್ರ ಹೊತ್ತು ಬಂದು, ಸಿನಿಮಾದ ಕೊನೆಯಲ್ಲಿ ಇವನೊಬ್ಬನ ಹೆಸರನ್ನೇ ಪರದೆ ತುಂಬ ಹಾಕುತ್ತೇವೆ ಎಂದು ಮಾತು ಕೊಟ್ಟಿದ್ದ. ಆಮೇಲೆ ಪರಿಹಾರ ಕೇಳಲು ಹೋದರೆ ಅದೇ ಕಂಪನಿ, ಅವನು ನಮ್ಮ ಆಳೇ ಅಲ್ಲ, ಗುತ್ತಿಗೆದಾರ ಕರೆತಂದವನು ಎಂದಿತು. ಗುತ್ತಿಗೆದಾರ, ನಾನು ಆಳನ್ನು ಕಂಪನಿಗೆ ಒಪ್ಪಿಸಿಬಿಟ್ಟಿದ್ದೆ ಎಂದ. ಫೆರ್ಮಿನಾಳಿಗೆ ಉಳಿದದ್ದು ಪರದೆಯ ಮೇಲಿನ ಆ ಹೆಸರು ಒಂದೇ. ಸೂತಕದ ವರ್ಷ ಮುಗಿಯುವವರೆಗೆ ಸಿನಿಮಾ ಮಂದಿರಕ್ಕೆ ಕಾಲಿಡುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು. ವರ್ಷ ಕಳೆಯುವ ದಿನ ನೆಂಟರನ್ನೆಲ್ಲ ಕರೆದು, ಊಟ ಹಾಕಿ, ಪಕ್ಕದ ಮನೆಯ ದೊಡ್ಡ ಟಿವಿ ಹೊತ್ತು ತರಿಸಿ, ನಮ್ಮ ಓಣಿಯ ಡಿವಿಡಿ ಹಾಕಿದ್ದಳು. ನಾಯಕ ನಾಯಕಿ ಮುತ್ತಿಟ್ಟರು. ಪರದೆ ಕಪ್ಪಾಯಿತು. ಅಷ್ಟೇ. ಗಂಡನ ತಂಗಿ ಎಲ್ಲರಿಗೂ ಕೇಳಿಸುವಂತೆ, "ಹೆಸರಂತೆ ಹೆಸರು, ಇವಳ ತಲೇಲಿ ಬರೆದಿತ್ತೇನೋ" ಎಂದು ನಕ್ಕಳಂತೆ. ಅಂದು ಕಳಚಬೇಕಿದ್ದ ಸೂತಕದ ಕಪ್ಪು ಬಟ್ಟೆಯನ್ನು ಫೆರ್ಮಿನಾ ಕಳಚಿರಲಿಲ್ಲ.

ಇದನ್ನೆಲ್ಲ ಅವಳು ಓಣಿಯ ನಡುವೆ ನಿಂತು ಕೂಗಿ ಹೇಳಿದಳು. ಬೊಲವಾನ್ ಮೆಟ್ಟಿಲಿಳಿದು ಬಂದು, ಬಾಗಿಲಿಗೆ ಒರಗಿ, ಕೊನೆಯವರೆಗೂ ಕೇಳಿದಳು.

"ಆಯ್ತಾ? ಕೊನೇ ಹೆಸರುಗಳನ್ನ ಯಾರೂ ಓದಲ್ಲ ಆಲಿಂಗ್. ಅದಕ್ಕೇ ತೆಗೀತೀನಿ."

"ನಾನು ಓದ್ತೀನಿ!"

"ನಿಮ್ಮೊಬ್ಬರಿಗೋಸ್ಕರ ಮಳೆ ಒಡೆದು ಹೋಗ್ಬೇಕಾ?"

"ಆ ಮಳೇಲಿ ಒಡೆದಿದ್ದು ನನ್ನ ಗಂಡನ ತಲೆ ಕಣೇ, ದೆವ್ವ!"

ಚಪ್ಪಲಿ ಹಾರಿತು. ಬೊಲವಾನ್ ತಲೆ ಬಗ್ಗಿಸಿದಳು. ಅದು ಹಾಜಿಯ ಟೋಪಿಗೆ ತಗುಲಿ ಟೋಪಿ ಚರಂಡಿಗೆ ಬಿತ್ತು. ಯಾರೋ ನಕ್ಕರು. ಬೊಲವಾನ್ ಮಾತ್ರ ನಗಲಿಲ್ಲ.

"ಅಷ್ಟು ಬೇಕಿದ್ರೆ ಅಸಲಿ ತಗೋಬೇಕಿತ್ತು. ಕದ್ದ ಮಾಲು ಕೊಂಡು ನ್ಯಾಯ ಕೇಳೋಕೆ ಬಂದಿದ್ದೀರಾ?"

"ನನ್ನ ಗಂಡನ್ನ ತಿಂದವರಿಗೆ ನಾನು ಕಾಸು ಬೇರೆ ಕೊಡಲಾ? ಅವರಿಗಿಂತ ಕಳ್ಳರೇ ವಾಸಿ ಅಂತ ನಿನ್ನ ಹತ್ರ ಬಂದೆ. ನೀನು ಅವರ ಅಜ್ಜಿ!"

ಮರುದಿನ ಅವಳು ಒಂದು ಪ್ಲಾಸ್ಟಿಕ್ ಸ್ಟೂಲ್ ತಂದಳು. ಅಂಗಡಿಯ ಮುಂದೆ ಅದನ್ನು ಹಾಕಿಕೊಂಡು ಕೂತಳು. ಬಂದ ಬಂದವರಿಗೆಲ್ಲ, "ತಗೋಬೇಡಿ, ಕೊನೆ ಕತ್ತರಿಸಿರ್ತಾರೆ. ಕೊಲೆಗಾರ ಯಾರು ಅಂತಾನೇ ಗೊತ್ತಾಗಲ್ಲ" ಎಂದು ಹೇಳತೊಡಗಿದಳು. ಕೊಲೆಯ ಸಿನಿಮಾ ಹಿಡಿದು ನಿಂತವರು ಅದನ್ನು ಅಲ್ಲೇ ಇಟ್ಟು ಪಕ್ಕದ ಅಂಗಡಿಗೆ ಹೋದರು. ಬೊಲವಾನ್ ಮೇಲಿನ ಕಿಟಕಿಯಿಂದ, "ಕೊಲೆಗಾರ ಇರ್ತಾನೆ ರೀ! ಹೋಗ್ತಿರೋದು ಅಡುಗೆಯವರ ಹೆಸರು!" ಎಂದು ಕೂಗಿದಳು. ಆದರೆ ಜನಕ್ಕೆ ಒಮ್ಮೆ ಅನುಮಾನ ಹೊಕ್ಕರೆ ಹೊಕ್ಕಿತು.

ಫೆರ್ಮಿನಾ ದಿನವೂ ಬಂದಳು. ಮಧ್ಯಾಹ್ನ ನನ್ನಲ್ಲಿ ಊಟ ಮಾಡಿ ಮತ್ತೆ ಹೋಗಿ ಕೂರುವಳು. ಅವಳ ಜೊತೆ ಮಾತಾಡಿದರೆ ಬೊಲವಾನ್ ನನ್ನ ಮೇಲೆ ಮುನಿಯುವಳು, ಆಡದಿದ್ದರೆ ಇವಳು ಮುನಿಯುವಳು. ಒಂದು ದಿನ ಬೊಲವಾನ್ ಬಕೆಟ್ಟಿನ ಕೊಳೆನೀರನ್ನು ಮೇಲಿನಿಂದ ಸುರಿದಳು. ಫೆರ್ಮಿನಾ ನೆನೆದ ಬಟ್ಟೆಯಲ್ಲೇ ಸಂಜೆಯವರೆಗೆ ಕೂತಳು. ಅಂದು ಹಾಜಿಯ ಅಂಗಡಿಗೆ ಒಬ್ಬ ಗಿರಾಕಿಯೂ ಬರಲಿಲ್ಲ.

ಹಾಜಿ ಅನ್ಸಾನೊಗೆ ತಡೆಯಲಾಗಲಿಲ್ಲ. ನನ್ನ ಅಂಗಡಿಯಲ್ಲೇ ಕೂತು ಬೊಲವಾನಳಿಗೆ ಉಗಿದ.

"ನಿಂಗೇನು ಬಂದಿದೆ ರೋಗ? ಆ ಸಿನಿಮಾದ ಅಸಲಿ ತಂದು, ಕೊನೇ ಹೆಸರು ತೋರಿಸಿ, ಕಳಿಸಿಬಿಡು ಆ ಹೆಂಗಸನ್ನ."

"ಅಸಲಿ ಬಾಡಿಗೆ ಅಂಗಡೀದು ಬಾಪಾ. ವಾಪಸ್ ಹೋಗಾಯ್ತು." ಬಾಪಾ ಎಂದರೆ ನಮ್ಮ ಕಡೆ ಚಿಕ್ಕಪ್ಪ.

"ಮತ್ತೆ ತಾ. ನಿನ್ನ ಹಟಕ್ಕೆ ನನ್ನ ಅಂಗಡಿ ಮುಚ್ಚಲಾ? ಗಂಡ ಬಿಟ್ಟಿದ್ದು ಯಾಕೆ ಅಂತ ಈಗ ಗೊತ್ತಾಗ್ತಾ ಇದೆ."

ಬೊಲವಾನ್ ತಟ್ಟೆಯನ್ನು ಅನ್ನದ ಸಮೇತ ಹಾಗೇ ಬಿಟ್ಟು ಎದ್ದು ಹೋದಳು. ಆದರೆ ಅಸಲಿಯನ್ನು ತಂದಳು. ಶುಕ್ರವಾರದ ಪ್ರಾರ್ಥನೆ ಮುಗಿದು ಓಣಿ ತುಂಬಿ ತುಳುಕುವ ಹೊತ್ತಿಗೇ ಕಾದಿದ್ದು, ಅಂಗಡಿಯ ಟಿವಿಯನ್ನು ಹೊರಕ್ಕೆ ತಿರುಗಿಸಿದಳು. ಎಲ್ಲರ ಮುಂದೆ ಆ ಹೆಂಗಸಿನ ಬಾಯಿ ಮುಚ್ಚಿಸಬೇಕು ಎಂಬ ಲೆಕ್ಕ ಅವಳದು.

"ಬನ್ನಿ ಆಲಿಂಗ್. ಕಣ್ತುಂಬ ನೋಡ್ಕೊಳ್ಳಿ. ಆಮೇಲೆ ಸ್ಟೂಲ್ ಎತ್ಕೊಂಡು ನಡೀರಿ."

ಮುತ್ತು ಮುಗಿಯಿತು. ಹಾಡು ಶುರುವಾಯಿತು. ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹತ್ತತೊಡಗಿದವು. ಫೆರ್ಮಿನಾ ಟಿವಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ತುಟಿ ಅಲುಗಿಸುತ್ತ ಒಂದೊಂದನ್ನೂ ಓದಿದಳು. ನಟರು, ಕೂದಲು ಬಾಚಿದವರು, ಕಾರು ಓಡಿಸಿದವರು, ಊಟ ತಂದವರು, ನಾಯಿ ಪಳಗಿಸಿದವನು, ಆ ನಾಯಿಯ ಹೆಸರು. ಆಶೀರ್ವಾದ ಮಾಡಿದ ಪಾದ್ರಿಗಳು. ಬಾಲ್ದೆರಾಮನ ಹೆಸರು ಎರಡು ಕಡೆ. ಹಾಡು ನಿಂತಿತು.

"ಮತ್ತೆ ಹಾಕು" ಎಂದಳು.

ಬೊಲವಾನ್ ಮತ್ತೆ ಹಾಕಿದಳು. ಈ ಸಲ ನಾವೂ ಓದಿದೆವು. ಎಲೂತೆರಿಯೊ ಮಗ್ಬನುವ ಎಲ್ಲೂ ಇರಲಿಲ್ಲ.

ಫೆರ್ಮಿನಾ ತಿರುಗಿ ಬೊಲವಾನಳ ಕುಪ್ಪಸದ ಕತ್ತು ಹಿಡಿದಳು. "ತೆಗೆದಿದ್ದೀಯ! ನನ್ನ ಮೇಲಿನ ಸಿಟ್ಟಿಗೆ ಮತ್ತೆ ತೆಗೆದಿದ್ದೀಯ!"

ಬೊಲವಾನ್ ಬಿಡಿಸಿಕೊಳ್ಳಲಿಲ್ಲ. ಡಿವಿಡಿಯನ್ನು ಹೊರತೆಗೆದು ಅವಳ ಕಣ್ಣ ಮುಂದೆ ಹಿಡಿದಳು.

"ನೋಡಿ. ಅಚ್ಚಿನಲ್ಲಿ ಒತ್ತಿದ್ದು. ಇದರೊಳಗಿಂದ ಒಂದು ಕೂದಲು ಎಳೆಯೋಕೂ ನನ್ನ ಕೈಲಾಗಲ್ಲ. ಅವರು ಹಾಕೇ ಇಲ್ಲ."

ಫೆರ್ಮಿನಾಳ ಕೈ ಸಡಿಲವಾಯಿತು. ಅವಳ ನಾದಿನಿ ನಕ್ಕಿದ್ದು ಅವಳಿಗೆ ಆಗ ನೆನಪಾಗಿರಬೇಕು, ಮುಖ ಬೂದಿಯಂತಾಯಿತು. ನಾನು ಒಂದು ಲೋಟ ನೀರು ತಂದುಕೊಟ್ಟೆ. ಅವಳು ಅದನ್ನು ನೆಲಕ್ಕೆ ಚೆಲ್ಲಿದಳು.

"ಹಾಗಾದ್ರೆ ನೀನು ಹಾಕು" ಎಂದಳು ಬೊಲವಾನಳಿಗೆ.

"ನಾನು ತೆಗೆಯೋಳು. ಹಾಕೋಳಲ್ಲ."

"ತೆಗೆಯೋಕೆ ಬರತ್ತೆ, ಹಾಕೋಕೆ ಬರಲ್ವಾ?"

"ಅವರ ಮಾತು ಅವರು ಉಳಿಸ್ಕೊಳ್ಳದಿದ್ರೆ ನಾನೇನು ಮಾಡ್ಲಿ? ಹೋಗಿ ಅವರ ಮನೆ ಮುಂದೆ ಸ್ಟೂಲ್ ಹಾಕಿ!"

ಫೆರ್ಮಿನಾ ಹೋದಳು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ವ್ಯಾಪಾರ ಮತ್ತೆ ಕುದುರಿತು. ಬೊಲವಾನ್ ಹಗುರಾಗುತ್ತಾಳೆ ಎಂದುಕೊಂಡರೆ ಇನ್ನಷ್ಟು ಸಿಡುಕಿಯಾದಳು. ಅನ್ನ ಮೆತ್ತಗಾಗಿದೆ ಎಂದು ನನ್ನ ಮೇಲೆ ಹರಿಹಾಯ್ದಳು. ಹಾಜಿಯ ಎದುರಿಗೇ ಮೌಸನ್ನು ಗೋಡೆಗೆ ಎಸೆದಳು. "ನಾಯಿ ಹೆಸರು ಹಾಕಿದ್ದಾರೆ ಬಾಬೋ, ನಾಯಿ ಹೆಸರು" ಎಂದಳು ಒಮ್ಮೆ. ಬಾಬೋ ಎಂದರೆ ಅತ್ತೆ. ಓಣಿಯಲ್ಲಿ ನನ್ನನ್ನು ಎಲ್ಲರೂ ಹಾಗೇ ಕರೆಯುವುದು. ನಾನು ಹೌದು ಎಂದರೆ, "ನಿಮ್ಮನ್ನ ಕೇಳಿದ್ನಾ?" ಎಂದಳು.

ಅವಳು ಏನು ಮಾಡಿದಳೆಂದು ನಮಗೆ ತಿಳಿದದ್ದು ಹೊಸ ಕಟ್ಟಿನ ಡಿವಿಡಿಗಳು ಮಾರಾಟಕ್ಕೆ ಬಂದ ಮೇಲೆ. ಹಾಜಿ ಗಿರಾಕಿಗೆ ತೋರಿಸಲೆಂದು ಒಂದನ್ನು ಟಿವಿಗೆ ಹಾಕಿದ. ಪ್ರವಾಹದ ಸಿನಿಮಾದ ಶುರುವಿನಲ್ಲಿ ಕಂಪನಿಯ ಲಾಂಛನ ತಿರುಗಿ ತಿರುಗಿ ಹೊಳೆದು ಕಹಳೆ ಊದುತ್ತಿತ್ತಲ್ಲ, ಅದು ಇರಲಿಲ್ಲ. ಆ ಜಾಗದಲ್ಲಿ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: ಈ ಮಳೆಗೆ ಬೆಳಕು ಕಟ್ಟಲು ಹೋಗಿ ಬಿದ್ದು ಸತ್ತವನು ಎಲೂತೆರಿಯೊ ಮಗ್ಬನುವ. ಸದ್ದಿಲ್ಲ, ಸಂಗೀತವಿಲ್ಲ. ಓದಲು ಬಾರದವನೂ ಓದಿ ಮುಗಿಸುವಷ್ಟು ಹೊತ್ತು ಅದು ನಿಂತಿತ್ತು. ರಿಮೋಟ್ ಒತ್ತಿ ಮುಂದಕ್ಕೆ ಹಾರಿಸಲೂ ಆಗದಂತೆ ಮಾಡಿದ್ದಳು.

ಹಾಜಿ ಟಿವಿ ಆರಿಸಿ ಮೇಲಿನ ಕೋಣೆಗೆ ಕೂಗಿದ. "ಯಾ ಅಲ್ಲಾ! ಏನಿದು ಬೊಲವಾನ್?"

"ಲಾಂಛನ ತೆಗೆದೆ. ಜಾಗ ಉಳೀತು."

"ಉಳಿದ ಜಾಗಕ್ಕೆ ಹೆಣ ತಂದು ಹಾಕ್ತಾರೇನೇ?"

ಆ ಹೊತ್ತಿಗಾಗಲೇ ಕಟ್ಟುಗಟ್ಟಲೆ ಡಿವಿಡಿ ಸೆಬು, ಇಲೊಯಿಲೊ, ದವಾವೊ ಕಡೆಗೆ ಬಸ್ಸು ಹಡಗುಗಳಲ್ಲಿ ಹೋಗಿಯಾಗಿತ್ತು. ಹಿಂದಕ್ಕೆ ತರುವ ಹಾಗಿರಲಿಲ್ಲ.

ಆ ಕಂಪನಿಯವರಿಗೆ ತಮ್ಮ ಸಿನಿಮಾ ನಮ್ಮ ಓಣಿಯಲ್ಲಿ ಸಿಗುತ್ತದೆ ಎಂದು ಮೊದಲಿನಿಂದಲೂ ಗೊತ್ತಿತ್ತು. ಅವರು ಬಂದದ್ದು ಹೆಸರು ನೋಡಿದ ಮೇಲೆ. ಒಂದು ಬೆಳಿಗ್ಗೆ ಓಣಿಯ ಎರಡೂ ತುದಿಗಳಿಂದ ಪೊಲೀಸರು ಒಳಬಂದರು. ಹಿಂದೆಯೇ ಟಿವಿ ಕ್ಯಾಮೆರಾಗಳು, ಅವುಗಳ ಮುಂದೆ ಇಸ್ತ್ರಿ ಮಾಡಿದ ಅಂಗಿಯ ಬಾಲ್ದೆರಾಮ. ಅಂಗಡಿಗಳು ದಡಬಡ ಬಾಗಿಲೆಳೆದವು. ಹಾಜಿ ಮಸೀದಿಯ ಕಡೆ ಮಾಯವಾದ. ಬೊಲವಾನ್ ಇಳಿಯುವಷ್ಟರಲ್ಲಿ ಮೆಟ್ಟಿಲ ಬುಡದಲ್ಲಿ ಪೊಲೀಸರು ನಿಂತಿದ್ದರು. ಅವಳ ಕಂಪ್ಯೂಟರುಗಳನ್ನು ವೈರುಗಳ ಸಮೇತ ಕಿತ್ತು ಕೆಳಗೆ ತಂದು ರಾಶಿ ಹಾಕಿದರು. ಬಾಲ್ದೆರಾಮ ಒಂದು ಡಿವಿಡಿಯನ್ನು ಅವಳ ಮುಖಕ್ಕೆ ಹಿಡಿದ.

"ನೀನೇ ಏನೇ ಇದನ್ನ ಮಾಡಿದ್ದು?"

"ಚೆನ್ನಾಗಿ ಕಾಣತ್ತಾ ಸಾರ್? ಮಳೆ ಒಡೆದಿಲ್ಲ ತಾನೆ?"

"ಬಾಯಿ ಮುಚ್ಚು! ಸಿನಿಮಾ ಕದ್ದಿದ್ದಲ್ಲದೆ, ನಮ್ಮ ಲಾಂಛನ ತೆಗೆದು, ಸತ್ತ ನಮ್ಮ ಲೈಟ್‌ಮ್ಯಾನ್ ಹೆಸರು ಹಾಕೋಕೆ ನೀನ್ಯಾವಳು?"

ಬೊಲವಾನ್ ಕಣ್ಣು ಕಿರಿದು ಮಾಡಿದಳು. ಅವನು ನಮ್ಮ ಆಳೇ ಅಲ್ಲ ಎಂದು ಕಂಪನಿ ಹೇಳಿದ್ದೂ ಸೇರಿ, ಫೆರ್ಮಿನಾ ಅಷ್ಟು ದಿನ ಕೂಗಿದ್ದನ್ನು ಓಣಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಂಡವಳು ಅವಳೇ.

"ಯಾರ ಲೈಟ್‌ಮ್ಯಾನ್?"

"ನಮ್ಮವನು! ನಮ್ಮ ಸೆಟ್ಟಲ್ಲಿ ಕೆಲಸ ಮಾಡ್ತಿದ್ದೋನು! ಅವನ ಹೆಸರು ಹಾಕೋದು ಬಿಡೋದು ನಮಗೆ ಬಿಟ್ಟಿದ್ದು, ನಿನಗಲ್ಲ!"

"ಇನ್ನೊಂದ್ಸಲ ಹೇಳಿ ಸಾರ್. ಕ್ಯಾಮೆರಾದವರಿಗೆ ಕೇಳಿಸ್ಲಿಲ್ಲ."

ಅವನು ಇನ್ನೊಂದು ಸಲವೂ ಹೇಳಿದ, ಮೊದಲಿಗಿಂತ ಜೋರಾಗಿ. ಎಷ್ಟೋ ಮನೆಗಳಲ್ಲಿ ಜನ ಅಂದು ಸಂಜೆ ಅನ್ನ ಕಲಸುತ್ತ ಆ ಸುದ್ದಿ ನೋಡಿದರು. ಫೆರ್ಮಿನಾಳೂ ನೋಡಿದಳು.

ಕಾರ್ಮಿಕರ ದೂರು ಕೇಳುವ ಕಚೇರಿಯಲ್ಲಿ ಆ ಸುದ್ದಿಯನ್ನೇ ಮತ್ತೆ ಹಾಕಿ ತೋರಿಸಿದರಂತೆ. ಅವನು ನಮ್ಮ ಆಳಲ್ಲ ಎಂದು ವಾದಿಸಲು ಎದ್ದ ಕಂಪನಿಯ ವಕೀಲ ಅರ್ಧಕ್ಕೇ ಕೂತ. ಎಳೆದಾಡಿ, ಸತಾಯಿಸಿ, ಕೊನೆಗೆ ಪರಿಹಾರ ಕೊಟ್ಟರು. ವಕೀಲ ಹಾಗೆ ಕೂತ ದಿನವೇ, ಕಚೇರಿಯಿಂದ ಹೊರಬಂದ ಫೆರ್ಮಿನಾಳನ್ನು ಟಿವಿಯವರು, ಆ ಡಿವಿಡಿ ಮಾಡಿದ ಹೆಂಗಸಿಗೆ ಏನಾದರೂ ಹೇಳುತ್ತೀರಾ ಎಂದು ಕೇಳಿದರು. "ಅವಳು ಕಳ್ಳಿ. ಒಳಗೇ ಇರ್ಲಿ" ಎಂದಳು.

ಬೊಲವಾನ್ ಆಗ ಪೊಲೀಸ್ ಠಾಣೆಯ ಹಿಂದಿನ ಕೋಣೆಯಲ್ಲಿದ್ದಳು. ನಾನು ದಿನವೂ ಬುತ್ತಿ ಒಯ್ಯುತ್ತಿದ್ದೆ. ಫೆರ್ಮಿನಾ ಆಡಿದ ಮಾತನ್ನು ಹೇಳಿದೆ.

"ಸುಳ್ಳೇನು ಹೇಳ್ಲಿಲ್ವಲ್ಲ" ಎಂದು ಅವಳು ಮೀನಿನ ಮುಳ್ಳು ತೆಗೆಯತೊಡಗಿದಳು.

"ಯಾಕೆ ಮಾಡ್ದೆ ಹಾಗಾದ್ರೆ?"

"ಎರಡು ಸಲ ನೋಡಿದೆ ಬಾಬೋ, ಮೇಲಿಂದ ಕೆಳಗಿನವರೆಗೆ. ಅಷ್ಟು ಜನರ ಹೆಸರು ಹಿಡಿಸಿದ್ದಾರೆ. ಅವರಿಗೇನು ಜಾಗದ ಬರ ಇತ್ತಾ? ನನ್ನದಾದ್ರೆ ಸಣ್ಣ ಡಿವಿಡಿ." ಅವಳು ಅಷ್ಟು ಮಾತು ಒಟ್ಟಿಗೆ ಆಡಿದ್ದು ಅಪರೂಪ. ತಕ್ಷಣವೇ, "ಇದಕ್ಕೆ ಉಪ್ಪು ಯಾರು ಹಾಕಿದ್ದು?" ಎಂದಳು.

ಹಾಜಿ ಅನ್ಸಾನೊ ದಂಡ ಕಟ್ಟಿ ಅವಳನ್ನು ಬಿಡಿಸಿದ. ಬಿಡಿಸಿದ ಮೇಲೆ ಮೆಟ್ಟಿಲು ಹತ್ತಲು ಬಿಡಲಿಲ್ಲ. ಅವಳ ಬಟ್ಟೆಯ ಚೀಲವನ್ನು ಅಂಗಡಿಯ ಹೊರಗೇ ಇಟ್ಟಿದ್ದ.

"ನನ್ನ ಯಂತ್ರದಲ್ಲಿ ಧರ್ಮ ಮಾಡೋಕೆ ಹೋದೆ. ಇನ್ನು ಬೀದೀಲಿ ಮಾಡ್ಕೋ."

"ಬಾಪಾ, ನಿಮ್ಮ ಗಿರಾಕಿಗಳು ಬಂದಿದ್ದು ನನ್ನ ಕೈ ನೋಡಿ. ನಿಮ್ಮ ಗಡ್ಡ ನೋಡಿ ಅಲ್ಲ."

"ಹೋಗೇ!"

ಅವಳು ಚೀಲ ಹೆಗಲಿಗೇರಿಸಿ, ಕೈಗೆ ಸಿಕ್ಕ ಖಾಲಿ ಡಿವಿಡಿಯ ಒಂದು ಕಟ್ಟನ್ನೂ ಎತ್ತಿಕೊಂಡು ಹೊರಟಳು. ಹಾಜಿ ಕೂಗಿದರೂ ತಿರುಗಲಿಲ್ಲ. ಅವಳು ಹೋದ ಮೇಲೆ ಬೇರೊಬ್ಬ ಆ ಕೋಣೆಗೆ ಬಂದ. ಅವನು ಎಲ್ಲರಂತೆ ಒಂದೇ ಏಟಿಗೆ ಹಿಂಡುವವನು. ಗಿರಾಕಿಗಳು ಬಯ್ದು ಬಯ್ದು ಚದುರಿದರು. ಕೆಲವು ವರ್ಷಗಳಲ್ಲಿ ಡಿವಿಡಿಯೇ ಯಾರಿಗೂ ಬೇಡವಾಯಿತು. ಹಾಜಿ ಅಲ್ಲಿ ಮೊಬೈಲ್ ಕವಚ ಮಾರತೊಡಗಿದ. ಬೊಲವಾನ್ ಬಕ್ಲಾರನ್ ಕಡೆ ಫೋನ್ ರಿಪೇರಿ ಅಂಗಡಿಯಲ್ಲಿ ಕೆಲಸ ಹಿಡಿದಳು. ಅಲ್ಲಿಯ ಮಾಲೀಕನೊಂದಿಗೆ ಜಗಳವಾಡಿ ಬಿಟ್ಟಳು, ಇನ್ನೊಂದು ಕಡೆ ಸೇರಿದಳು. ಆ ಜಗಳಗಳ ಸುದ್ದಿಯೂ ನಮಗೆ ಬರುತ್ತಿತ್ತು.

ಅವಳೂ ಫೆರ್ಮಿನಾಳೂ ಮತ್ತೆ ಎದುರಾದದ್ದು ಒಂದೇ ಸಲ, ನನ್ನ ಅಂಗಡಿಯಲ್ಲಿ. ಬೊಲವಾನ್ ಊಟಕ್ಕೆ ಕೂತಿದ್ದಳು. ಫೆರ್ಮಿನಾ ಕಿಯಾಪೊದ ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚಿ, ಹಸಿದು, ಕಪ್ಪು ಬಿಟ್ಟು ಬಣ್ಣದ ಹೂವಿನ ಉಡುಪಿನಲ್ಲಿ ಒಳಬಂದಳು. ಒಬ್ಬರನ್ನೊಬ್ಬರು ನೋಡಿದರು. ಬೊಲವಾನ್ ಏಳಲಿಲ್ಲ, ಫೆರ್ಮಿನಾ ಹಿಂದಿರುಗಲೂ ಇಲ್ಲ. ಫೆರ್ಮಿನಾ ಪಕ್ಕದ ಮೇಜಿನಲ್ಲಿ ಬೆನ್ನು ತಿರುಗಿಸಿ ಕೂತಳು. ನಾನು ಇಬ್ಬರಿಗೂ ಬಡಿಸಿ ಒಲೆಯ ಹಿಂದೆ ಸರಿದು ನಿಂತೆ.

ಅರ್ಧ ಊಟವಾದ ಮೇಲೆ ಫೆರ್ಮಿನಾ ಗೋಡೆಗೆ ಹೇಳಿದಂತೆ ಹೇಳಿದಳು, "ಎಲೂತೆರಿಯೊ ಅಂತ ಅವನನ್ನ ಯಾರೂ ಕರೀತಿರ್ಲಿಲ್ಲ. ತೆರೋಯ್ ಅಂತಿದ್ರು. ಹಾಗೇ ಹಾಕಬೇಕಿತ್ತು. ಕೆಲಸ ಅರ್ಧಂಬರ್ಧ."

"ಹೇಳ್ಬೇಕಿತ್ತು" ಎಂದಳು ಬೊಲವಾನ್. "ಚಪ್ಪಲಿ ಎಸೆಯೋಕೆ ಮಾತ್ರ ಪುರುಸೊತ್ತಿತ್ತು."

"ನೀನು ನೀರು ಎರಚಿದ್ದೆ. ವಾರ ಕೆಮ್ಮಿದೆ."

"ಸಾಯ್ಲಿಲ್ವಲ್ಲ."

"ಸಾಯಲ್ಲ ಕಣೇ. ನಿನ್ನ ಹೂತು ಬಂದೇ ಸಾಯೋದು."

ನಾನು ಸೌಟು ಹಿಡಿದುಕೊಂಡೇ ನಿಂತಿದ್ದೆ, ತಟ್ಟೆಗಳು ಹಾರುತ್ತವೆ ಎಂದು. ಹಾರಲಿಲ್ಲ. ಫೆರ್ಮಿನಾ ಅನ್ನಕ್ಕೆ ಏನೋ ಸಾಲದೆಂಬಂತೆ ಸುತ್ತ ನೋಡಿದಳು. ನಾನು ಅರೆದಿಟ್ಟ ಪಲಾಪಾ, ಶುಂಠಿ ಮೆಣಸಿನಕಾಯಿಯ ಖಾರ, ಬೊಲವಾನಳ ಮೇಜಿನ ಮೇಲಿತ್ತು. ಅವಳು ಕೇಳಲಿಲ್ಲ, ಕೈಯನ್ನು ಮಾತ್ರ ಹಿಂದಕ್ಕೆ ಚಾಚಿದಳು. ಬೊಲವಾನ್ ತಿರುಗಿ ನೋಡದೆ ಮೊಣಕೈಯಿಂದ ಬಟ್ಟಲನ್ನು ಆ ಕಡೆ ತಳ್ಳಿದಳು. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿಕೊಂಡೇ ಊಟ ಮುಗಿಸಿ, ಒಬ್ಬಳು ಎಡಕ್ಕೆ, ಒಬ್ಬಳು ಬಲಕ್ಕೆ ಹೋದರು.